ವೈದ್ಯರ ಬಲಗೈಯಾಗಿ ನಿಲ್ಲುವ ಕಾಯಕ

ಪ್ರತಿವರ್ಷ ಎಸ್.ಎಸ್.ಎಲ್.ಸಿ. ಹಾಗೂ ಪಿ.ಯು.ಸಿ. ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ನಮ್ಮ ಸೀಮೆಯ ಮಠಗಳ ಅಂಗಳದಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. ದರ್ಶನಕ್ಕೆಂದು ಬಂದ ತಂದೆತಾಯಿಗಳು ವಿಭೂತಿ ಧರಿಸಿ, ಪ್ರಸಾದ ಸ್ವೀಕರಿಸಿ, ಹೊರಡುವ ಮುನ್ನ ಚೀಲದಿಂದ ಅಂಕಪಟ್ಟಿಯ ನಕಲನ್ನು ತೆಗೆದು, "ಮುಂದಕ್ಕೆ ಏನು ಓದಿಸೋದು, ಬುದ್ಧಿ?" ಎಂದು ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಇದಕ್ಕೆ ಮೂರೇ ಮೆಟ್ಟಿಲಿನ ಏಣಿಯೊಂದು ಸಿದ್ಧವಾಗಿದೆ: ಬಹಳ ಅಂಕ ಬಂದರೆ ಡಾಕ್ಟರು, ತಕ್ಕಮಟ್ಟಿಗೆ ಬಂದರೆ ಇಂಜಿನಿಯರು, ಅದಕ್ಕೂ ಕಡಿಮೆಯಾದರೆ ಮೇಷ್ಟ್ರು. ಮೂರೂ ಕೈಗೆ ಎಟುಕದಿದ್ದಲ್ಲಿ ಹೆಣ್ಣುಮಗಳಿಗೆ ಗಂಡು ಹುಡುಕುವ ಮಾತು ಮೊದಲಾಗುತ್ತದೆ. ಗಂಡುಮಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಡಾಕ್ಟರಿಗೂ ರೋಗಿಗೂ ನಡುವೆ ನಿಂತು ಕೆಲಸ ಮಾಡುವ ಒಂದು ದೊಡ್ಡ ವರ್ಗವಿದೆ ಎಂಬುದಾಗಲಿ, ಆ ವರ್ಗದಲ್ಲಿ ನಮ್ಮ ಮಕ್ಕಳಿಗೆ ಗೌರವದ ಸ್ಥಾನವಿದೆ ಎಂಬುದಾಗಲಿ ಈ ಏಣಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಈ ತಿಂಗಳು ಆ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ನಮಗೆ ಅನಿಸಿದೆ.

ವೈದ್ಯಕೀಯ ಸಹಾಯಕರು ಎಂದೊಡನೆ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಕಾಂಪೌಂಡರು. ಡಾಕ್ಟರು ಬರೆದ ಚೀಟಿ ನೋಡಿ, ಕೆಂಪು ನೀರಿನ ಔಷಧಿಯನ್ನು ಸೀಸೆಗೆ ತುಂಬಿ, ಎಷ್ಟೆಷ್ಟು ಕುಡಿಯಬೇಕೆಂದು ಸೀಸೆಯ ಹೊರಗೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ ಆ ಮನುಷ್ಯನಿಗೆ ಹಳ್ಳಿಗಳಲ್ಲಿ ಅರ್ಧ ಡಾಕ್ಟರೆಂಬ ಮರ್ಯಾದೆಯಿತ್ತು. 1948ರ ಔಷಧಶಾಸ್ತ್ರ ಕಾಯಿದೆ ಬಂದ ಮೇಲೆ ಆ ಕೆಲಸಕ್ಕೆ ಕ್ರಮಬದ್ಧವಾದ ವ್ಯಾಸಂಗವೂ ನೋಂದಣಿಯೂ ಬಂದು, ಕಾಲಕ್ರಮದಲ್ಲಿ ಕಾಂಪೌಂಡರು ಫಾರ್ಮಸಿಸ್ಟರಾದರು. ಇಂದು ಒಬ್ಬ ಕಾಂಪೌಂಡರಿದ್ದ ಜಾಗದಲ್ಲಿ ಹತ್ತು ಬಗೆಯ ಜನ ಇದ್ದಾರೆ. ಹೆರಿಗೆ ಮಾಡಿಸುವ, ಲಸಿಕೆ ಹಾಕುವ ಸಹಾಯಕ ದಾದಿ. ವಾರ್ಡಿನಲ್ಲಿ ಹಗಲಿರುಳು ನಿಲ್ಲುವ ಶುಶ್ರೂಷಕಿ. ರಕ್ತ, ಮೂತ್ರ, ಕಫ ಪರೀಕ್ಷಿಸುವ ಪ್ರಯೋಗಾಲಯ ತಂತ್ರಜ್ಞರು. ಕ್ಷಕಿರಣ ಚಿತ್ರ ತೆಗೆಯುವವರು. ಶಸ್ತ್ರಚಿಕಿತ್ಸಾ ಕೊಠಡಿಯನ್ನು ಸಜ್ಜುಗೊಳಿಸುವವರು. ಕಣ್ಣಿನ ಪರೀಕ್ಷೆ ಮಾಡುವವರು. ಮನೆಮನೆಗೆ ಹೋಗಿ ರೋಗಗಳ ಮೇಲೆ ಕಣ್ಣಿಡುವ ಆರೋಗ್ಯ ನಿರೀಕ್ಷಕರು. ತಾಲ್ಲೂಕು ಆಸ್ಪತ್ರೆಗಳಿಗೆ ಈಗ ಡಯಾಲಿಸಿಸ್ ಯಂತ್ರಗಳು ಬಂದಿವೆ. ಮೂತ್ರಪಿಂಡ ಕೆಟ್ಟ ರೋಗಿಯೊಬ್ಬ ವಾರಕ್ಕೆ ಎರಡು ಮೂರು ಸಲ, ಪ್ರತಿಸಲ ನಾಲ್ಕು ಗಂಟೆ ಆ ಯಂತ್ರದ ಪಕ್ಕದಲ್ಲಿ ಮಲಗಬೇಕು. ಆ ನಾಲ್ಕು ಗಂಟೆಯೂ ಅವನ ರಕ್ತದ ಮೇಲೆ ಕಣ್ಣಿಟ್ಟು ಕೂರುವುದು ಡಾಕ್ಟರಲ್ಲ, ತಂತ್ರಜ್ಞ.

ನಾವು ಕೌದಳ್ಳಿಯನ್ನೇ ಕಣ್ಣಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇವೆ. ಕೊಳ್ಳೇಗಾಲದಿಂದ ಹನೂರು ದಾಟಿ ಮಲೆಯ ಮಾದೇಶ್ವರನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಬಯಲು ಮುಗಿದು ಕಾಡು ಮೊದಲಾಗುವ ಸಂಧಿಯಲ್ಲಿರುವ ಊರಿದು. ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಕಾಲ್ನಡಿಗೆಯಲ್ಲಿ ಬೆಟ್ಟಕ್ಕೆ ಹೋಗುವ ಭಕ್ತರಲ್ಲಿ ಬಹಳ ಮಂದಿ ಈ ಊರನ್ನು ಹಾದೇ ಹೋಗುತ್ತಾರೆ. ಇಲ್ಲಿಂದ ಕೊಳ್ಳೇಗಾಲ ಸುಮಾರು 40 ಕಿಲೋಮೀಟರು. ಮೈಸೂರಿನ ದೊಡ್ಡ ಆಸ್ಪತ್ರೆಗಳು ನೂರಕ್ಕೂ ಮಿಕ್ಕ ದೂರ. ಊರಿಂದ ಆಚೆ ಬೆಟ್ಟದ ಸೀಮೆಯ ಕಾಡಂಚಿನ ಗ್ರಾಮಗಳಲ್ಲಿ ರೋಗಿಯನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿಯನ್ನು ನಮ್ಮ ಕಾಲದಲ್ಲಿಯೂ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಹೊಲದಲ್ಲಿ ಹಾವು ಕಚ್ಚಿದವನಿಗೆ, ಅವಧಿಗೆ ಮುನ್ನ ಹೆರಿಗೆನೋವು ಕಂಡ ಹೆಣ್ಣುಮಗಳಿಗೆ, ಎದೆ ಹಿಡಿದುಕೊಂಡ ಮುದುಕನಿಗೆ ಮೈಸೂರಿನ ತಜ್ಞವೈದ್ಯರು ಎಷ್ಟೇ ನುರಿತವರಾದರೂ ಮೊದಲ ಅರ್ಧ ಗಂಟೆಗೆ ಒದಗುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಯಾರು ಹತ್ತಿರವಿದ್ದಾರೆ, ಅವರಿಗೆ ಏನು ಗೊತ್ತಿದೆ ಎಂಬುದರ ಮೇಲೆಯೇ ಜೀವ ನಿಂತಿರುತ್ತದೆ. 2008ರಲ್ಲಿ ನಮ್ಮ ರಾಜ್ಯದಲ್ಲಿ ಆರೋಗ್ಯ ಕವಚ ಎಂಬ ಹೆಸರಿನಲ್ಲಿ 108ರ ವಾಹನಗಳು ಬಂದುವಷ್ಟೆ. ಅದರ ಹಿಂಬದಿಯಲ್ಲಿ ರೋಗಿಯ ತಲೆಯ ಬಳಿ ಕೂತಿರುವವರೂ ಡಾಕ್ಟರಲ್ಲ. ಬಹುಮಟ್ಟಿಗೆ ಶುಶ್ರೂಷಾ ವಿದ್ಯೆ ಕಲಿತ ಹುಡುಗನೋ ಹುಡುಗಿಯೋ ಆಗಿರುತ್ತಾರೆ.

ಈ ಕೆಲಸದಲ್ಲಿ ವಿದ್ಯೆ ಏನಿದೆ, ಬರೀ ಚಾಕರಿಯಲ್ಲವೇ ಎಂದು ಕೇಳುವವರುಂಟು. ಉಪಕೇಂದ್ರದ ಸಹಾಯಕ ದಾದಿಯ ಕೆಲಸವನ್ನೇ ನೋಡೋಣ. ಬಯಲುಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡು ಹಾಗೂ ಗಿರಿಜನರ ಪ್ರದೇಶದಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಇರಬೇಕೆಂದು ಸರ್ಕಾರದ ನಿಯಮ. ಆ ಅಷ್ಟು ಜನರಲ್ಲಿ ಯಾವ ಮನೆಯ ಸೊಸೆ ಬಸುರಿ, ಯಾವ ಮಗುವಿಗೆ ಯಾವ ಲಸಿಕೆ ಬಾಕಿ, ಯಾರಿಗೆ ಕ್ಷಯದ ಕೆಮ್ಮು ಎಂಬ ಲೆಕ್ಕವೆಲ್ಲ ಆಕೆಯ ಬಳಿ. ಬಸುರಿಯ ತಾಯಿ ಕಾರ್ಡಿನಲ್ಲಿ ಪ್ರತಿಸಲ ರಕ್ತದ ಒತ್ತಡ ಬರೆಯುವುದು ಕಾಟಾಚಾರಕ್ಕೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಏಳನೆಯ ಎಂಟನೆಯ ತಿಂಗಳಲ್ಲಿ ಒತ್ತಡ ಏರಿ, ಕಾಲು ಮುಖ ಊದಿ, ತಲೆನೋವು ಕಣ್ಣುಮಂಜು ಕಾಣಿಸಿಕೊಂಡರೆ ಅದು ಗರ್ಭನಂಜಿನ ಸೂಚನೆ. ಕಡೆಗಣಿಸಿದರೆ ಸೆಳವು ಬಂದು ತಾಯಿ, ಮಗು ಇಬ್ಬರೂ ಹೋಗಬಹುದು. ಊತವನ್ನು ನಮ್ಮ ಅಜ್ಜಿಯರು, ಬಸುರಿಗೆ ಕಾಲು ಊದುವುದು ಸಹಜವೆಂದು ಬಿಟ್ಟುಬಿಡುತ್ತಿದ್ದರು. ಸಹಜವಾದ ಊತ ಯಾವುದು, ಅಪಾಯದ ಊತ ಯಾವುದು ಎಂದು ಅಂಗೈಯಗಲದ ಯಂತ್ರವೊಂದನ್ನು ತೋಳಿಗೆ ಸುತ್ತಿ ಹೇಳುವವಳೇ ಈ ದಾದಿ. ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣ 11ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಮಾತ್ರೆ, 7ಕ್ಕಿಂತ ಕೆಳಗಿಳಿದರೆ ಕೂಡಲೇ ದೊಡ್ಡ ಆಸ್ಪತ್ರೆ ಎಂದು ನಿರ್ಧರಿಸಿ ಕಳಿಸುವವಳೂ ಆಕೆಯೇ.

ಲಸಿಕೆಯ ಕೆಲಸವೂ ಹಾಗೆಯೇ. ಲಸಿಕೆ 2ರಿಂದ 8 ಡಿಗ್ರಿಯೊಳಗಿನ ತಂಪಿನಲ್ಲಿ ಉಳಿಯಬೇಕು. ಬಿಸಿಲಿಗೆ ಕೆಟ್ಟರೆ ಸೂಜಿ ಚುಚ್ಚಿಯೂ ಫಲವಿಲ್ಲ, ಕೆಲವು ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಮಂಜುಗಡ್ಡೆಯ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಬಸ್ಸಿಲ್ಲದ ಊರಿಗೆ ನಡೆದು ಹೋಗಿ ಹನಿ ಹಾಕಿದವರ ಕಾಲಸವೆತದಿಂದಲೇ ಭಾರತದಲ್ಲಿ ಪೋಲಿಯೋ ನಿಂತಿತು. ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚಿಯಲ್ಲಿ ದೇಶವು ಪೋಲಿಯೋ ಮುಕ್ತವೆಂದು ಪ್ರಮಾಣೀಕರಿಸಲ್ಪಟ್ಟಿತು. ನಮ್ಮ ಬಾಲ್ಯದಲ್ಲಿ ಊರಿಗೆ ಒಬ್ಬಿಬ್ಬರಾದರೂ ಕಾಲು ಬತ್ತಿದ ಹುಡುಗರಿದ್ದರು. ಇಂದಿನ ಮಕ್ಕಳಿಗೆ ಆ ರೋಗದ ಹೆಸರು ಗೊತ್ತಿರುವುದು ಹನಿಯ ಮೂಲಕ ಮಾತ್ರ.

2018ರ ಡಿಸೆಂಬರ್ 14ರಂದು ಹನೂರು ಸೀಮೆಯ ಸುಳ್ವಾಡಿಯಲ್ಲಿ ನಡೆದ ದುರಂತವನ್ನು ನಮ್ಮ ಓದುಗರು ಮರೆತಿರಲಾರರು. ಮಾರಮ್ಮನ ಗುಡಿಯ ಪ್ರಸಾದದಲ್ಲಿ ಕೀಟನಾಶಕ ಬೆರೆತು 17 ಮಂದಿ ಅಸುನೀಗಿದರು. ನೂರಕ್ಕೂ ಮಿಕ್ಕ ಜನ ಅಸ್ವಸ್ಥರಾದರು. ಆ ಪ್ರಕರಣದ ಉಳಿದ ವಿಚಾರ ನ್ಯಾಯಾಲಯಕ್ಕೆ ಸೇರಿದ್ದು, ಇಲ್ಲಿ ಬೇಡ. ಆ ದಿನ ರೋಗಿಗಳನ್ನು ಕಾಮಗೆರೆಯ ಆಸ್ಪತ್ರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿಗೆ ಸಾಗಿಸಲಾಯಿತು. ಹೊಲಕ್ಕೆ ಸಿಂಪಡಿಸುವ ಆ ಜಾತಿಯ ವಿಷ ದೇಹಕ್ಕೆ ಸೇರಿದರೆ ಬಾಯಲ್ಲಿ ನೊರೆ ಬರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ನಿಲ್ಲುತ್ತದೆ. ಅಟ್ರೋಪಿನ್ ಎಂಬ ಔಷಧಿಯನ್ನು ಹತ್ತಾರು ಸಲ, ನಾಡಿ ನೋಡುತ್ತ, ಕಣ್ಣು ನೋಡುತ್ತ ಕೊಡಬೇಕು. ಉಸಿರು ನಿಂತವನಿಗೆ ಯಂತ್ರ ಸಿಗುವ ತನಕ ರಬ್ಬರಿನ ಚೀಲ ಒತ್ತಿ ಒತ್ತಿ ಉಸಿರು ತುಂಬಬೇಕು. ಒಂದೇ ಹೊತ್ತಿಗೆ ನೂರು ಜನ ಬಂದು ಬಿದ್ದಾಗ ಇರುವ ನಾಲ್ಕೈದು ಡಾಕ್ಟರು ಇದನ್ನೆಲ್ಲ ತಮ್ಮ ಕೈಯಿಂದಲೇ ಮಾಡುವುದು ಸಾಧ್ಯವಿಲ್ಲ. ಆಗ ಬೇಕಾಗುವುದು ಕಲಿತ ಕೈಗಳ ಸಂಖ್ಯೆ. ಆ ಸಂಖ್ಯೆಯನ್ನು ಒಂದೇ ದಿನದಲ್ಲಿ ಎಲ್ಲಿಂದಲೂ ತರಿಸಲಾಗದು; ಹತ್ತು ವರ್ಷ ಮೊದಲು ಯಾವ ಮನೆಯವರು ತಮ್ಮ ಮಕ್ಕಳನ್ನು ಆ ವಿದ್ಯೆಗೆ ಕಳಿಸಿದ್ದರೋ ಆ ಮನೆಗಳಿಂದಲೇ ಅದು ಬಂದಿರುತ್ತದೆ.

ಇದಕ್ಕಿಂತ ನಿಧಾನವಾಗಿ, ಸದ್ದಿಲ್ಲದೆ ನಡೆದ ಇನ್ನೊಂದು ಕಾರ್ಯ ನಮ್ಮ ಪಕ್ಕದ ಯಳಂದೂರು ತಾಲ್ಲೂಕಿನದು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗಾಗಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನೂ, 1986ರಲ್ಲಿ ಕರುಣಾ ಟ್ರಸ್ಟನ್ನೂ ಆರಂಭಿಸಿದ್ದನ್ನು ಬಲ್ಲವರು ಬಲ್ಲರು. ಆ ಕಾಲಕ್ಕೆ ಯಳಂದೂರು ತಾಲ್ಲೂಕಿನಲ್ಲಿ ಸಾವಿರಕ್ಕೆ 20ಕ್ಕೂ ಹೆಚ್ಚು ಮಂದಿಗೆ ಕುಷ್ಠರೋಗವಿತ್ತು. ಔಷಧಿ ಇರಲಿಲ್ಲವೆಂದಲ್ಲ, ಮೂರು ಔಷಧಿಗಳನ್ನು ಕೂಡಿಸಿ ಕೊಡುವ ಬಹುವಿಧ ಚಿಕಿತ್ಸೆ ಆಗಲೇ ಬಂದಿತ್ತು. ಕೊರತೆಯಿದ್ದದ್ದು ರೋಗಿಯನ್ನು ಹುಡುಕುವುದರಲ್ಲಿ. ರೋಗ ಬಂದವನು ಅದನ್ನು ಮುಚ್ಚಿಡುತ್ತಿದ್ದ, ಮನೆಯವರು ಅವನನ್ನೇ ಮುಚ್ಚಿಡುತ್ತಿದ್ದರು. ಈ ರೋಗದ ಕಾರ್ಯಕ್ರಮದಲ್ಲಿ ಅರೆವೈದ್ಯಕೀಯ ಕಾರ್ಯಕರ್ತ ಎಂಬ ಹುದ್ದೆಯೇ ಇತ್ತು. ಅವನು ಮನೆಮನೆಗೆ ಹೋಗಿ, ಹೊರಬಾಗಿಲಲ್ಲಿ ಕೂತು, ಮಾತು ಬೆಳೆಸಿ, ಮೈಮೇಲಿನ ಮಾಸಲು ಮಚ್ಚೆಯನ್ನು ಲೇಖನಿಯ ತುದಿಯಿಂದ ಮೆಲ್ಲನೆ ಮುಟ್ಟಿ, "ಗೊತ್ತಾಯ್ತಾ?" ಎಂದು ಕೇಳುತ್ತಿದ್ದ. ಕಣ್ಣು ಮುಚ್ಚಿದವನಿಗೆ ಆ ಸ್ಪರ್ಶ ತಿಳಿಯದಿದ್ದರೆ ಅದು ರೋಗ. ಆಮೇಲೆ ಆರು ತಿಂಗಳೋ ಒಂದೆರಡು ವರ್ಷವೋ ತಪ್ಪದೆ ಮಾತ್ರೆ ನುಂಗಿಸಿ, ಜೋಮು ಹಿಡಿದ ಕಾಲಿನ ಹುಣ್ಣನ್ನು ತೊಳೆದು ಕಟ್ಟಲು ಕಲಿಸುವ ಹೊಣೆಯೂ ಅವನದೇ. ಇಂತಹ ಕಾರ್ಯದ ಫಲವಾಗಿ ಆ ತಾಲ್ಲೂಕಿನಲ್ಲಿ ರೋಗ ತೀರ ಇಳಿಯಿತು. 2005ರ ಅಂತ್ಯಕ್ಕೆ ಇಡೀ ದೇಶದ ಲೆಕ್ಕದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಯಾಯಿತು. ಮುಂದೆ 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಕರುಣಾ ಟ್ರಸ್ಟು ವಹಿಸಿಕೊಂಡು ನಡೆಸತೊಡಗಿತು. ಸೋಲಿಗ ಹೆಣ್ಣುಮಕ್ಕಳಿಗೇ ಸಹಾಯಕ ದಾದಿಯ ತರಬೇತಿ ಕೊಡಿಸಿ ಅವರನ್ನು ತಮ್ಮ ಪೋಡುಗಳ ಸೇವೆಗೆ ನಿಲ್ಲಿಸಿದ್ದು ಅಲ್ಲಿನ ದೊಡ್ಡ ಕೆಲಸಗಳಲ್ಲೊಂದು. ಹೊರಗಿನಿಂದ ಬಂದ ದಾದಿ ವರ್ಗಾವಣೆ ಕೇಳುತ್ತಾಳೆ. ಆ ಹಾಡಿಯ ಮಗಳು ಎಲ್ಲಿಗೆ ಹೋದಾಳು? ಕಾಡಿನ ಮಕ್ಕಳು ಹಿಂಜರಿಯದೆ ಕಲಿತ ಈ ವಿದ್ಯೆಯನ್ನು ಊರಿನ ನಾವು ಕೀಳೆಂದು ಬಿಟ್ಟಿದ್ದೇವಲ್ಲ ಎಂಬುದೇ ನಮ್ಮನ್ನು ಈ ಲೇಖನಕ್ಕೆ ಹಚ್ಚಿದ್ದು.

ಹೌದು, ಕೀಳೆಂಬ ಭಾವನೆ ಇದೆ, ಮುಚ್ಚಿಟ್ಟು ಫಲವಿಲ್ಲ. "ಲಿಂಗ ಕಟ್ಟಿದ ಮನೆಯ ಮಗಳು ಕಂಡೋರ ಉಚ್ಚೆ ಹೇಲು ಬಳೀಬೇಕಾ, ಅಯ್ನೋರೆ?" ಎಂದು ನಮ್ಮನ್ನೇ ಕೇಳಿದ ಗೃಹಸ್ಥರಿದ್ದಾರೆ. ಇದು ಆಚಾರದ ಹೆಸರಿನಲ್ಲಿ ಬಂದ ಪ್ರಶ್ನೆಯಾದ್ದರಿಂದ ಆಚಾರದ ನೆಲೆಯಲ್ಲಿಯೇ ಉತ್ತರಿಸಬೇಕು. ನಮ್ಮ ಶರಣರು ಐದು ಸೂತಕಗಳನ್ನು ನಿರಾಕರಿಸಿದರು ಎಂದು ಶಿವಾನುಭವ ಗೋಷ್ಠಿಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ: ಜನನಸೂತಕ, ಮರಣಸೂತಕ, ರಜಸ್ಸೂತಕ, ಎಂಜಲಸೂತಕ, ಜಾತಿಸೂತಕ. ಇಷ್ಟಲಿಂಗ ಧರಿಸಿದವರಿಗೆ ಇವು ತಟ್ಟವು ಎಂಬುದು ಸಿದ್ಧಾಂತ. ಈಗ ಒಬ್ಬ ದಾದಿಯ ಒಂದು ದಿನವನ್ನು ಎಣಿಸಿ ನೋಡಿ. ಬೆಳಿಗ್ಗೆ ಹೆರಿಗೆ ಮಾಡಿಸಿ ರಕ್ತದಲ್ಲಿ ಮಿಂದ ಕೂಸನ್ನು ಕೈಗೆತ್ತಿಕೊಳ್ಳುತ್ತಾಳೆ. ಮಧ್ಯಾಹ್ನ ಶಾಲೆಯ ಹುಡುಗಿಯರಿಗೆ ಮುಟ್ಟಿನ ದಿನಗಳ ಸ್ವಚ್ಛತೆ ಹೇಳಿಕೊಡುತ್ತಾಳೆ. ಸಂಜೆ ಲಕ್ವ ಹೊಡೆದ ಮುದುಕನ ಬಾಯೊರೆಸಿ ಗಂಜಿ ಕುಡಿಸುತ್ತಾಳೆ. ರಾತ್ರಿ ಕಣ್ಮುಚ್ಚಿದವರ ದೇಹವನ್ನು ನೇರಮಾಡಿ ಬಟ್ಟೆ ಹೊದಿಸುತ್ತಾಳೆ. ಇಷ್ಟೂ ಹೊತ್ತು ಯಾವ ಹಾಸಿಗೆಯಲ್ಲಿ ಯಾವ ಜಾತಿಯವರಿದ್ದಾರೆಂದು ಕೇಳುವುದಿಲ್ಲ. ನಾವು ಗೋಷ್ಠಿಯಲ್ಲಿ ಬಾಯಿಮಾತಿನಲ್ಲಿ ಕಳೆಯುವ ಐದು ಸೂತಕಗಳನ್ನು ಆಕೆ ಒಂದೇ ದಿನದಲ್ಲಿ ಕೈಯಾರೆ ಕಳೆಯುತ್ತಾಳೆ. ಹೀಗಿರುವಾಗ ಮೈಲಿಗೆಯ ಮಾತನ್ನು ನಮ್ಮ ಮನೆಗಳಲ್ಲಿ ಎತ್ತುವುದು ಹೇಗೆ?

ಇನ್ನು ಕೀಳು ಕೆಲಸವೆಂಬ ಮಾತು. ಮಾದಪ್ಪನು ಕುಂತೂರು ಮಠದಲ್ಲಿ ರಾಗಿ ಬೀಸಿದ ಕಥೆಯನ್ನು ಕಂಸಾಳೆಯವರ ಬಾಯಲ್ಲಿ ಕೇಳಿ ಕೈಮುಗಿಯುವ ಸೀಮೆ ನಮ್ಮದು. ಶರಣರಲ್ಲಿ ವೈದ್ಯ ಸಂಗಣ್ಣ ಎಂಬವರಿದ್ದರು; ಚಿಕಿತ್ಸೆಯೇ ಅವರ ಕಾಯಕವಾಗಿತ್ತು, ವಚನಗಳನ್ನೂ ರಚಿಸಿದರು. ಇಷ್ಟು ಹೇಳಿ ಈ ಚರ್ಚೆ ಸಾಕುಮಾಡುತ್ತೇವೆ. ಇದಕ್ಕಿಂತ ಹೆಚ್ಚು ಬೇಕೆನ್ನುವವರಿಗೆ ಎಷ್ಟು ಹೇಳಿದರೂ ಸಾಲದು.

ರಾತ್ರಿ ಪಾಳಿಯ ಭಯ ಮತ್ತು ಮದುವೆಯ ಚಿಂತೆ ಮಾತ್ರ ಹೀಗೆ ತಳ್ಳಿಹಾಕುವಂತಹವಲ್ಲ. ಹೆಣ್ಣು ಹೆತ್ತವರ ಅಳುಕು ನಮಗೆ ಅರ್ಥವಾಗುತ್ತದೆ. ನೆರೆಯ ಕೇರಳದಲ್ಲಿಯೂ ಹಿಂದೊಮ್ಮೆ ದಾದಿಯನ್ನು ಮನೆಗೆ ತಂದುಕೊಳ್ಳಲು ಹಿಂದೇಟು ಹಾಕುತ್ತಿದ್ದ ಕಾಲವಿತ್ತು. ಮುಂದೆ ಆ ನಾಡಿನ ಮಧ್ಯಮ ವರ್ಗದ ಕುಟುಂಬಗಳು, ಅದರಲ್ಲೂ ಕ್ರೈಸ್ತ ಕುಟುಂಬಗಳು, ಹೆಣ್ಣುಮಕ್ಕಳನ್ನು ಧೈರ್ಯದಿಂದ ಆ ವಿದ್ಯೆಗೆ ಕಳಿಸಿದವು. ಆ ಮಕ್ಕಳು ದೆಹಲಿಗೂ ಮುಂಬಯಿಗೂ ಕೊಲ್ಲಿ ದೇಶಗಳಿಗೂ ಹೋಗಿ ತಮ್ಮಂದಿರನ್ನು ಓದಿಸಿದರು, ತಂಗಿಯರ ಮದುವೆ ಮಾಡಿದರು, ಹೆಂಚಿನ ಮನೆಯನ್ನು ತಾರಸಿ ಮನೆ ಮಾಡಿದರು. ಇಂದು ಅಲ್ಲಿ ದಾದಿಯಾದ ಹೆಣ್ಣಿಗೆ ಗಂಡು ಹುಡುಕಿಕೊಂಡು ಬರುತ್ತದೆ. ನಮ್ಮಲ್ಲಿಯೂ ಸರ್ಕಾರಿ ಹುದ್ದೆ ಸಿಕ್ಕ ದಾದಿಗೆ ವರದಕ್ಷಿಣೆ ಕೇಳುವ ಬಾಯಿ ಸ್ವಲ್ಪ ಮುಚ್ಚಿಕೊಳ್ಳುವುದನ್ನು ನಾವು ಕಂಡಿದ್ದೇವೆ. ವಿಧವೆಯಾದರೂ, ಗಂಡ ಕುಡುಕನಾದರೂ ತನ್ನ ಕಾಲಮೇಲೆ ನಿಂತು ಮಕ್ಕಳನ್ನು ಸಾಕುವ ಶಕ್ತಿ ಆಕೆಗಿರುತ್ತದೆ. ಮಗಳಿಗೆ ಕೊಡುವ ಒಡವೆಯನ್ನು ಅಡವಿಡಬಹುದು. ಈ ವಿದ್ಯೆಯನ್ನು ಯಾರೂ ಅಡವಿಡಿಸಿಕೊಳ್ಳಲಾರರು.

ಇದು ಹೆಣ್ಣುಮಕ್ಕಳಿಗೆ ಮಾತ್ರ ಎಂದೂ ತಿಳಿಯಬಾರದು. ಸಹಾಯಕ ದಾದಿಯ ವ್ಯಾಸಂಗ ಸ್ತ್ರೀಯರಿಗೆ ಮೀಸಲು, ನಿಜ. ಉಳಿದೆಲ್ಲಕ್ಕೂ ಗಂಡುಮಕ್ಕಳು ಸೇರಬಹುದು. ಪ್ರಯೋಗಾಲಯದಲ್ಲಿ, ಕ್ಷಕಿರಣ ವಿಭಾಗದಲ್ಲಿ, 108ರ ವಾಹನದಲ್ಲಿ ನಮ್ಮ ಹುಡುಗರು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದಾರೆ. ಈ ಬೆಟ್ಟಗಾಡಿನ ಜನರಲ್ಲಿ, ಮುಖ್ಯವಾಗಿ ಸೋಲಿಗರಲ್ಲಿ, ರಕ್ತದ ಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರೋಗ ಉಂಟು. ಅದರ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರ ಜುಲೈಯಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿದೆ. ಅದರ ಮೊದಲ ಮೆಟ್ಟಿಲು ಬೆರಳತುದಿಯ ಒಂದು ಹನಿ ರಕ್ತವನ್ನು ತೆಗೆದು ಸರಿಯಾಗಿ ಪರೀಕ್ಷಿಸುವುದು. ಅದು ತಂತ್ರಜ್ಞನ ಕೆಲಸ.

ಲಾಭದ ಮಾತಿಗೆ ಬರೋಣ. ಗೃಹಸ್ಥರಿಗೆ ಲಾಭನಷ್ಟದ ಲೆಕ್ಕ ಬೇಕೇಬೇಕು. ಡಾಕ್ಟರಾಗಲು ಐದೂವರೆ ವರ್ಷ, ಮೇಲೆ ತಜ್ಞನಾಗಲು ಮತ್ತೆ ಮೂರು ವರ್ಷ. ಖಾಸಗಿ ಕಾಲೇಜಾದರೆ ಹೊಲವನ್ನೇ ಮಾರಬೇಕು. ಇಲ್ಲಿ ಎರಡು, ಮೂರು, ಹೆಚ್ಚೆಂದರೆ ನಾಲ್ಕು ವರ್ಷದಲ್ಲಿ ಮಗು ದುಡಿಮೆಗೆ ನಿಲ್ಲುತ್ತದೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಸಾಲ ಎಂಬ ನಮ್ಮ ಜೋಳದ ಹೊಲಗಳ ಮನೆಗಳಿಗೆ ತಿಂಗಳಿಗೊಮ್ಮೆ ತಪ್ಪದೆ ಬರುವ ಒಂದು ಸಂಬಳ ಎಂತಹ ಆಧಾರವೆಂದು ಬಿಡಿಸಿ ಹೇಳಬೇಕಿಲ್ಲ. ರೋಗ ಇಲ್ಲದ ಊರಿಲ್ಲವಾದ್ದರಿಂದ ಈ ಕೆಲಸಕ್ಕೆ ಊರಿನ ಮಿತಿಯೂ ಇಲ್ಲ. ಗಂಡನ ಊರು ಯಾವುದಾದರೂ ಅಲ್ಲೊಂದು ಆಸ್ಪತ್ರೆ ಇರುತ್ತದೆ. ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆಯ ಇನ್ಸುಲಿನ್ ಚುಚ್ಚುವುದಕ್ಕೆ, ಮಗುವಿನ ಜ್ವರ ಯಾವಾಗ ಹೆದರಬೇಕಾದ ಜ್ವರವೆಂದು ತಿಳಿಯುವುದಕ್ಕೆ ಮನೆಯಲ್ಲೇ ಒಬ್ಬರಿರುವುದು ಸಂಬಳದ ಚೀಟಿಯಲ್ಲಿ ಕಾಣದ ಲಾಭ.

ಆದರೆ ಸಿಹಿಯನ್ನಷ್ಟೇ ಹೇಳಿ ಕಹಿಯನ್ನು ನುಂಗುವುದು ಧರ್ಮವಲ್ಲ. ಸಣ್ಣ ಖಾಸಗಿ ನರ್ಸಿಂಗ್ ಹೋಂಗಳಲ್ಲಿ ಹೊಸಬರಿಗೆ ಕೊಡುವ ಸಂಬಳ ಅನೇಕ ಕಡೆ ಕೂಲಿಗಿಂತ ಮಿಗಿಲಲ್ಲ, ಕೆಲಸದ ಹೊತ್ತು ಮಾತ್ರ ಹೆಚ್ಚು. ಸರ್ಕಾರದಲ್ಲಿಯೂ ಎಷ್ಟೋ ಹುದ್ದೆಗಳನ್ನು ಗುತ್ತಿಗೆಯ ಮೇಲೆ ತುಂಬುತ್ತಾರೆ. ಅಲ್ಲಿ ಖಾಯಂ ನೌಕರರಿಗಿರುವ ಭದ್ರತೆ ಇಲ್ಲ. ಸೋಂಕಿನ ಅಪಾಯ ಉಂಟು. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಅದನ್ನು ನಾವೆಲ್ಲ ಕಣ್ಣಾರೆ ಕಂಡೆವು. ರೋಗಿ ತೀರಿಕೊಂಡಾಗ ಬಂಧುಗಳ ಸಿಟ್ಟು ಮೊದಲು ತಾಗುವುದೂ ಎದುರಿಗೆ ಸಿಕ್ಕ ದಾದಿಗೇ. ಇಷ್ಟನ್ನು ತಿಳಿದು ಕಳಿಸಬೇಕು. ಮೊದಲ ಎರಡು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ಸರ್ಕಾರಿ ನೇಮಕಾತಿಗೆ ಪ್ರಯತ್ನಿಸುವುದು ಜಾಣತನವೆಂದು ನಮ್ಮ ಅಭಿಪ್ರಾಯ.

ವ್ಯಾಸಂಗದ ದಾರಿಗಳು ಹೀಗಿವೆ. ಸಹಾಯಕ ದಾದಿಗೆ, ಅಂದರೆ ಎ.ಎನ್.ಎಂ.ಗೆ, ಪಿ.ಯು.ಸಿ. ಆದ ಮೇಲೆ ಎರಡು ವರ್ಷ. ಜಿ.ಎನ್.ಎಂ. ಎಂಬ ಶುಶ್ರೂಷಾ ಡಿಪ್ಲೊಮಾಕ್ಕೆ ಮೂರು ವರ್ಷ, ಪಿ.ಯು.ಸಿ.ಯಲ್ಲಿ ಕಲಾವಿಭಾಗ ಓದಿದವರಿಗೂ ಅವಕಾಶವಿದೆ. ಬಿ.ಎಸ್ಸಿ. ನರ್ಸಿಂಗಿಗೆ ನಾಲ್ಕು ವರ್ಷ, ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ಉಪಕೇಂದ್ರಗಳಲ್ಲಿ ಈಚೆಗೆ ಬಂದಿರುವ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆಗೆ ಶುಶ್ರೂಷಾ ವಿದ್ಯೆ ಓದಿದವರನ್ನೇ ತೆಗೆದುಕೊಳ್ಳುತ್ತಾರೆ. ಪ್ರಯೋಗಾಲಯ, ಕ್ಷಕಿರಣ, ಡಯಾಲಿಸಿಸ್, ಶಸ್ತ್ರಚಿಕಿತ್ಸಾ ಕೊಠಡಿ, ಆರೋಗ್ಯ ನಿರೀಕ್ಷಕ ಮೊದಲಾದ ಡಿಪ್ಲೊಮಾಗಳು ರಾಜ್ಯದ ಅರೆವೈದ್ಯಕೀಯ ಮಂಡಳಿಯ ಅಧೀನದಲ್ಲಿ ನಡೆದುಬಂದಿವೆ. 2021ರಲ್ಲಿ ಈ ವೃತ್ತಿಗಳಿಗೆಂದೇ ಕೇಂದ್ರದ ಹೊಸ ಕಾಯಿದೆ ಬಂದು ನಿಯಮಗಳು ಬದಲಾಗುತ್ತಿರುವುದರಿಂದ, ಪ್ರವೇಶದ ಅರ್ಹತೆಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು. ದೂರ ಹೋಗಬೇಕೆಂಬ ಕಾಲವೂ ಈಗಿಲ್ಲ. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, 2021ರಲ್ಲಿ ಅದರ ದೊಡ್ಡ ಬೋಧನಾ ಆಸ್ಪತ್ರೆಯೂ ಉದ್ಘಾಟನೆಯಾಯಿತು. ಮೈಸೂರಿನಲ್ಲಿ ಸರ್ಕಾರದ್ದಲ್ಲದೆ ಸುತ್ತೂರು ಮಠದ ಜೆ.ಎಸ್.ಎಸ್. ಸಂಸ್ಥೆಯ ನರ್ಸಿಂಗ್ ಕಾಲೇಜೂ ಇದೆ.

ಇಲ್ಲಿ ಒಂದು ಎಚ್ಚರಿಕೆ. ಪಟ್ಟಣದಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು, ಬಿಳಿಕೋಟು ಹೊಲಿಸಿ, ಆರು ತಿಂಗಳಲ್ಲಿ ನರ್ಸ್ ಮಾಡುತ್ತೇವೆಂದು ಬಣ್ಣದ ಕರಪತ್ರ ಹಂಚುವವರಿದ್ದಾರೆ. ಅಂತಹ ಪ್ರಮಾಣಪತ್ರಕ್ಕೆ ಸರ್ಕಾರಿ ಕೆಲಸವೂ ಇಲ್ಲ, ನೋಂದಣಿಯೂ ಇಲ್ಲ. ಸಾಲ ಮಾಡಿ ಹಣ ಕಟ್ಟಿ, ಕೊನೆಗೆ ಆ ಕಾಗದವನ್ನು ಹಿಡಿದು ಅತ್ತ ಹೆಣ್ಣುಮಕ್ಕಳನ್ನು ನಾವು ಬಲ್ಲೆವು. ಸೇರಿಸುವ ಮೊದಲು ಆ ಶಾಲೆಗೆ ರಾಜ್ಯದ ನರ್ಸಿಂಗ್ ಪರಿಷತ್ತಿನ ಅಥವಾ ಅರೆವೈದ್ಯಕೀಯ ಮಂಡಳಿಯ ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂದು ಕೇಳಿ. ಬಾಯಿಮಾತಿಗೆ ಒಪ್ಪದೆ ಕಾಗದ ನೋಡಿ. ಎರಡನೆಯದಾಗಿ, ವಿದ್ಯಾರ್ಥಿಗಳು ಕೈಕೆಲಸ ಕಲಿಯುವ ಆಸ್ಪತ್ರೆ ಯಾವುದು, ಅಲ್ಲಿ ನಿಜವಾಗಿ ಎಷ್ಟು ಹಾಸಿಗೆಗಳಿವೆ ಎಂದು ಖುದ್ದಾಗಿ ಹೋಗಿ ನೋಡಿ. ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಶುಶ್ರೂಷೆ ಕಲಿಯುವುದು ನೀರಿಲ್ಲದ ಬಾವಿಯಲ್ಲಿ ಈಜು ಕಲಿತಂತೆ. ಮೂಲ ಅಂಕಪಟ್ಟಿಯನ್ನು ಯಾರ ಕೈಯಲ್ಲಿಯೂ ಒತ್ತೆಯಾಗಿ ಇಟ್ಟು ಬರಬೇಡಿ.

ಇದಕ್ಕೆಲ್ಲ ಮೊದಲು ಮಗುವಿನ ಮನಸ್ಸು ತಿಳಿಯಬೇಕಲ್ಲವೇ? ಅದಕ್ಕೆ ಹಣ ಖರ್ಚಾಗದ ಉಪಾಯವೊಂದಿದೆ. ಕೌದಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಲಸಿಕೆ ಹಾಕುವ ಗುರುವಾರದಂದು, ಅಲ್ಲಿನವರ ಅಪ್ಪಣೆ ಕೇಳಿ, ಮಗಳನ್ನೋ ಮಗನನ್ನೋ ಅರ್ಧ ದಿನ ಕೂರಿಸಿ. ಅಳುವ ಕೂಸು, ಗಾಬರಿಯ ತಾಯಿ, ಗಾಯದ ವಾಸನೆ, ಬರೆದು ಮುಗಿಯದ ದಾಖಲೆ ಪುಸ್ತಕ ಎಲ್ಲವನ್ನೂ ನೋಡಲಿ. ರಕ್ತ ಕಂಡು ಮೊದಲ ಸಲ ತಲೆ ತಿರುಗಿದರೆ ಅದನ್ನು ದೊಡ್ಡದು ಮಾಡಬೇಡಿ. ಎರಡನೆಯ ಮೂರನೆಯ ಸಲಕ್ಕೆ ನಿಲ್ಲುವುದುಂಟು. ಮನೆಗೆ ಬಂದ ಮೇಲೆ ಮಗು ಏನು ಹೇಳುತ್ತದೆಂದು ಕೇಳಿ. ಸುಮ್ಮನಿದ್ದರೆ ಬೇರೆ ದಾರಿ ನೋಡೋಣ. ಊಟಕ್ಕೆ ಕೂತಾಗ ತಾನಾಗಿ, "ಆ ಕೂಸಿಗೆ ಯಾಕೆ ಅಷ್ಟು ಸಣ್ಣ ಕೈಯಿತ್ತು, ಅವ್ವ?" ಎಂಬಂತಹ ಪ್ರಶ್ನೆ ಕೇಳಿದರೆ, ಅರ್ಜಿಯ ಕೊನೆಯ ದಿನಾಂಕ ಯಾವುದೆಂದು ಮರುದಿನವೇ ವಿಚಾರಿಸಿಕೊಂಡು ಬನ್ನಿ.